ಬಾವಿ ಸೀರಿಯಲ್ಲಿನ ಸೈಕಲ್ ಸವಾರ

ಸಂಡೂರಿನಿಂದ ಹೊಸಪೇಟೆಗೆ ಬರುವ ಸಂಜೆಯ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರು ಹುಡುಗಿಯರು ಒಬ್ಬ ಹೆಂಗಸಿನ ಮೇಲೆ ಕೊಲೆಯ ಆರೋಪ ಹೊರಿಸುತ್ತಿದ್ದರು.

“ಅಕ್ಕಾನ ಮಾಡ್ಯಾಳ, ನೋಡ್ತಿರು. ಕಿಟಕಿ ಒಳಗಿಂದ ಹಾಕಿತ್ತು, ಆದ್ರೂ ಪರದೆ ಹಾರ್ತಿತ್ತು. ಹೆಂಗ ಹಾರ್ತಿತ್ತು ಹೇಳು?”

“ಫ್ಯಾನ್ ಇರಂಗಿಲ್ಲೇನು ಹುಚ್ಚಿ?”

ನಾನು ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿವಿ ಉದ್ದ ಮಾಡಿದೆ. ಸಂಡೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು ನಾನು. ವರ್ಷಗಟ್ಟಲೆ ಈ ದಾರಿಯಲ್ಲಿ ಓಡಾಡಿ ನನ್ನ ಬಿಳಿ ಅಂಗಿಗಳೆಲ್ಲ ಅದಿರಿನ ಧೂಳು ಕುಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿವೆ. ಬಸ್ಸಿನಲ್ಲಿ ಅನ್ಯರ ಮಾತು ಕೇಳುವುದು ಸಭ್ಯತೆಯಲ್ಲ ಎಂದು ನನಗೂ ಗೊತ್ತು. ಆದರೆ ನೀವೇ ಹೇಳಿ, ಕೊಲೆಯ ಮಾತು ಅರ್ಧಕ್ಕೆ ಬಂದಾಗ ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂರಲು ಯಾರಿಂದ ಸಾಧ್ಯ? ಕೊನೆಗೆ ತಡೆಯಲಾಗದೆ ಮುಂದಕ್ಕೆ ಬಾಗಿ, “ಏನಮ್ಮಾ, ಯಾರ ಮನೆಯ ವಿಷಯ?” ಎಂದು ಕೇಳಿಯೇಬಿಟ್ಟೆ.

ಇಬ್ಬರೂ ನಕ್ಕರು. ಅವರಲ್ಲೊಬ್ಬಳು ರೇಷ್ಮಾ, ಸಂಡೂರಿನ ಆಸ್ಪತ್ರೆಯಲ್ಲಿ ನರ್ಸು. ದಿನವೂ ಅದೇ ಬಸ್ಸು ಹಿಡಿಯುವವಳಾದ್ದರಿಂದ ಮುಖಪರಿಚಯವಿತ್ತು. “ಮನಿ ವಿಷಯ ಅಲ್ರೀ ಸರ್. ಫೋನ್ನಾಗ ಬರೋ ಸಸ್ಪೆನ್ಸ್ ಸೀರಿಯಲ್ಲು. ಕೊಲೆ ಯಾರು ಮಾಡ್ಯಾರ ಅಂತ ಇನ್ನಾ ತೋರ್ಸಿಲ್ಲ. ಅಲ್ಲೀತನಕ ನಾವು ನಾವ ಥಿಯರಿ ಕಟ್ಟೋದು,” ಎಂದಳು. ಬರೀ ಅವರಿಬ್ಬರೇ ಅಲ್ಲವಂತೆ. ಊರೂರಿನ ಸಾವಿರಾರು ಜನ ಒಂದೆಡೆ ಸೇರಿ, ಒಂದೊಂದು ಕಂತನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ, ಗೋಡೆಯ ಕ್ಯಾಲೆಂಡರು, ಲೋಟದಲ್ಲಿನ ನೀರು, ಚಪ್ಪಲಿಯ ಮಣ್ಣು ಎಲ್ಲದಕ್ಕೂ ಅರ್ಥ ಹಚ್ಚಿ ಬರೆಯುತ್ತಾರಂತೆ.

ಥಿಯರಿ ಎಂದರೆ ನನ್ನ ತರಗತಿಯಲ್ಲಿ ಬೇರೆಯೇ ಅರ್ಥ. ಅದಕ್ಕೆ ಪ್ರಯೋಗ ಬೇಕು, ಪುರಾವೆ ಬೇಕು. ಆದರೆ ಆ ಸಂಜೆ ಆ ಪದ ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಪ್ರಯೋಗಶಾಲೆಯಲ್ಲ. ಮಲಪನಗುಡಿಯ ಒಂದು ಪಡಸಾಲೆ, ನಾಲ್ಕು ಕಾಲಿನ ಕಪ್ಪು ಬಿಳುಪು ಟಿವಿ, ಅದರ ಮುಂದೆ ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋದ ನಮ್ಮ ಎರ್ರಿಸ್ವಾಮಿ ಮಾವ.

ಮಾವ ನನ್ನ ಅವ್ವನ ಅಣ್ಣ. ಅಪ್ಪ ಸಂಡೂರಿನಾಚೆಯ ಗಣಿ ಕ್ಯಾಂಪಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಂದ ಶಾಲೆ ದೂರವೆಂದು ಚಿಕ್ಕಂದಿನಲ್ಲೇ ನನ್ನನ್ನು ಮಾವನ ಮನೆಯಲ್ಲಿ ಬಿಟ್ಟಿದ್ದರು. ಮಕ್ಕಳಿಲ್ಲದ ಮನೆ. ಮಾವ ಮತ್ತು ಅವರ ಹೆಂಡತಿ ಪಂಪತ್ತಿ, ಅವರ ನಡುವೆ ಸೊಕ್ಕಿನಿಂದ ಬೆಳೆದ ನಾನು. ಮಾವನಿಗೆ ಕಾಲುವೆಯ ಬದಿಗೆ ಸಣ್ಣದೊಂದು ಬಾಳೆತೋಟವಿತ್ತು. ದಿನವೂ ಬೆಳಿಗ್ಗೆ ಎಲೆ ಕೊಯ್ದು, ಕಟ್ಟು ಕಟ್ಟಿ, ಸೈಕಲ್ಲಿನ ಹಿಂದೆ ಹೇರಿಕೊಂಡು ಹೊಸಪೇಟೆಯ ಖಾನಾವಳಿಗಳಿಗೆ ಹಾಕಿ ಬರುತ್ತಿದ್ದರು. ಅವರು ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ. ನಡೆದರೆ ಬಲಭುಜ ಒಂದಿಷ್ಟು ಮೇಲೆ. ಸೈಕಲ್ ತುಳಿದರೆ ಕುತ್ತಿಗೆ ಸದಾ ಒಂದು ಕಡೆಗೆ ತಿರುಗಿರುತ್ತಿತ್ತು, ಯಾಕೆಂದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ “ಉಂಡ್ರೇನು?” ಎಂದು ಕೇಳಬೇಕಿತ್ತು. ಉತ್ತರ ಬರುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿರುತ್ತಿತ್ತು.

ನಾನು ಪಿಯುಸಿಯಲ್ಲಿದ್ದಾಗ ನಮ್ಮೂರಿಗೆ ಶೂಟಿಂಗ್ ಬಂತು. ಮಲಪನಗುಡಿಯ ಮೆಟ್ಟಿಲ ಬಾವಿಯನ್ನು ನೀವು ನೋಡಿರಬಹುದು. ನಾವು ಚಿಕ್ಕಂದಿನಿಂದ ಕಲ್ಲು ಎಸೆದು ಆಡಿದ ಆ ಬಾವಿಯ ಸುತ್ತ ವ್ಯಾನುಗಳು ನಿಂತವು, ಬೆಳ್ಳಿಯ ಹಾಳೆಯಂಥ ಹಲಗೆಗಳು ನಿಂತವು, ದೊಡ್ಡ ಕೊಡೆಗಳು ಬಿಚ್ಚಿಕೊಂಡವು. ಟಿವಿಯಲ್ಲಿ ಬರುವ ಪತ್ತೇದಾರಿ ಸೀರಿಯಲ್ಲು ಎಂದು ಸುದ್ದಿಯಾಯಿತು. ಪಂಪತ್ತಿಗೆ ಅದನ್ನು ನೋಡುವ ಆಸೆ ಉಕ್ಕಿತು.

“ಒಂದು ಸಲ ನೋಡಿ ಬರೋಣ ಬರ್ರಿ,” ಎಂದು ಮಾವನನ್ನು ಕರೆದಳು.

“ಮುಖಕ್ಕ ಬಣ್ಣ ಬಳ್ಕಂಡೋರನ್ನ ನೋಡಾಕ ಎಲಿ ಕೊಯ್ಯಾದು ಬಿಡ್ಲೇನು? ನಿನಗ ಬ್ಯಾರೆ ಕೆಲಸಿಲ್ಲ,” ಎಂದು ಮಾವ ನಕ್ಕುಬಿಟ್ಟರು.

ಅತ್ತಿ ಸುಮ್ಮನಾಗುವವಳಲ್ಲ. ಎದುರುಮನೆಯ ಹುಲಿಗೆಮ್ಮನನ್ನು ಕಟ್ಟಿಕೊಂಡು ಹೋದಳು. ಆದರೆ ಅಲ್ಲಿ ಅವರಿಗೆ ಕಂಡದ್ದು ಜನರ ಬೆನ್ನು, ಕೊಡೆಗಳ ಬೆನ್ನು. ಮನೆಗೆ ಬಂದು, “ಯಾರ ಮುಖಾನೂ ಕಾಣ್ಲಿಲ್ಲ,” ಎಂದು ಸೆರಗಿನಿಂದ ಬೆವರು ಒರೆಸಿಕೊಂಡು ಕೂತಳು. ಮರುದಿನ ಶೂಟಿಂಗಿನವರು ಕಮಲಾಪುರದ ಕಡೆಗೆ ಹೋದರು. ಅದೇ ದಿನ ಮಾವ, ಕಂಪ್ಲಿಯಲ್ಲಿದ್ದ ತಮ್ಮ ಅಕ್ಕನಿಗೆ ಜ್ವರವೆಂದು ಹೇಳಿ ಬೆಳಿಗ್ಗೆ ಹೊರಟು ಸಂಜೆ ಬಂದರು. ಜ್ವರ ಇಳಿದಿದೆ ಎಂದರು. ಇಷ್ಟೇ. ಇದರಲ್ಲಿ ವಿಶೇಷವೇನೂ ಆಗ ನಮಗೆ ಕಾಣಲಿಲ್ಲ.

ಕೆಲವು ತಿಂಗಳ ಮೇಲೆ ಸೀರಿಯಲ್ಲು ಮಂಗಳವಾರದ ಸಂಜೆಗಳಲ್ಲಿ ಶುರುವಾಯಿತು. ಅದಕ್ಕೊಂದು ಭಾರಿ ಸಂಸ್ಕೃತದ ಹೆಸರಿತ್ತು. ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಅದು ಹೊರಳದೆ, ಎಲ್ಲರೂ ‘ಬಾವಿ ಸೀರಿಯಲ್ಲು’ ಎಂದರು. ಕಥೆ ಸರಳ. ಹಂಪಿಯ ಶಾಸನಗಳನ್ನು ಓದಲು ಬಂದ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಬಾವಿಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸಿಗುತ್ತದೆ, ನೀರಿನಲ್ಲಿ ಹೆಣ ಸಿಗುವುದಿಲ್ಲ. ಅವಳ ಗುರು, ಊರಿನ ಡಾಕ್ಟರು, ಅವಳನ್ನು ಮದುವೆಯಾಗಬೇಕಿದ್ದ ಹುಡುಗ, ಎಲ್ಲರ ಮೇಲೂ ಅನುಮಾನ.

ನಮ್ಮ ಪಡಸಾಲೆ ಮಂಗಳವಾರ ಕೋರ್ಟಾಗುತ್ತಿತ್ತು. ಹುಲಿಗೆಮ್ಮನ ಪ್ರಕಾರ ಕೊಲೆ ಮಾಡಿದ್ದು ಡಾಕ್ಟರು. ಕಾರಣ, “ಅಂವ ಬಿಸಿ ಚಾ ಊದದ ಕುಡಿತಾನ. ಅಂಥೋರಿಗೆ ಎದಿಯಾಗ ಕರುಣಿ ಇರಂಗಿಲ್ಲ.” ನಿವೃತ್ತ ಲೈನ್‌ಮ್ಯಾನ್ ಹನುಮಂತಪ್ಪ, ಹುಡುಗಿ ಕರೆಂಟು ಹೊಡೆದು ಸತ್ತಿದ್ದಾಳೆಂದು ಮೊದಲ ವಾರವೇ ತೀರ್ಪು ಕೊಟ್ಟ. ಜಗತ್ತಿನ ಯಾವ ಸಾವೂ ಅವನ ಲೆಕ್ಕದಲ್ಲಿ ಕರೆಂಟನ್ನು ಬಿಟ್ಟು ಆಗುವಂಥದಲ್ಲ. ನಾನೋ, ಆಗಷ್ಟೇ ಭೌತಶಾಸ್ತ್ರ ಓದುತ್ತಿದ್ದ ಪಂಡಿತ. ಚಪ್ಪಲಿ ಒಣಗಿದ್ದನ್ನು ಹಿಡಿದುಕೊಂಡು, ಬಿಸಿಲು, ಗಾಳಿ, ಆವಿಯಾಗುವ ನೀರು ಎಲ್ಲ ಸೇರಿಸಿ ಅರ್ಧ ಗಂಟೆ ಉಪನ್ಯಾಸ ಕೊಟ್ಟು, ಕೊನೆಗೆ ಕೊಲೆಗಾರನ ಹೆಸರು ಹೇಳುವುದನ್ನೇ ಮರೆತಿದ್ದೆ. ಅತ್ತಿಯ ವಾದ ಮಾತ್ರ ಎಲ್ಲರಿಗಿಂತ ಬೇರೆ.

“ಆ ಹುಡುಗಿ ಸತ್ತಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಾಗ ಎಲ್ಲಿಗೋ ಹೋಗ್ಯಾಳ. ಬರ್ತಾಳ.”

“ಹೋಗಾಕಿ ಚಪ್ಪಲಿ ಯಾಕ ಬಿಡ್ತಾಳ ಅತ್ತಿ?” ಎಂದು ನಾನು ಕೇಳಿದರೆ, “ಅವಸರದಾಗ ಬಿಟ್ಟಿರ್ತಾಳ. ನೀನು ಕಾಲೇಜಿಗೆ ಹೋಗೂವಾಗ ಬುತ್ತಿ ಬಿಟ್ಟು ಹೋಗಂಗಿಲ್ಲೇನು?” ಎನ್ನುತ್ತಿದ್ದಳು.

ಮಾವನಿಗೆ ಯಾವ ವಾದವೂ ಇರಲಿಲ್ಲ. ಹೆಸರುಗಳು ಬರುವಾಗ ಕೂತು, ಕಥೆ ಶುರುವಾಗುವಾಗ ನಿದ್ದೆ ಹೋಗಿ, ಸಾಬೂನಿನ ಜಾಹೀರಾತಿನ ಗದ್ದಲಕ್ಕೆ ಎದ್ದು, “ಸಿಕ್ಕನೇನು?” ಎಂದು ಕೇಳಿ ಮತ್ತೆ ಮಲಗುತ್ತಿದ್ದರು.

ಆದರೆ ಒಂದು ಮಂಗಳವಾರ ಅವರು ನಿದ್ದೆ ಮಾಡಲಿಲ್ಲ. ಆಮೇಲೆ ನೆನೆದಾಗ ಅದು ನನಗೆ ಹೊಳೆಯಿತು. ಅಂದಿನ ಕಂತಿನಲ್ಲಿ, ಕಾಣೆಯಾದ ಹುಡುಗಿಯನ್ನು ಮದುವೆಯಾಗಬೇಕಿದ್ದ ಹುಡುಗ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಅಳುತ್ತಿದ್ದ. ಅವನ ಹಿಂದೆ ಕಮಲಾಪುರದ ದಾರಿಯ ಹಳೆಯದೊಂದು ಕಲ್ಲಿನ ಹೆಬ್ಬಾಗಿಲು. ಕ್ಯಾಮೆರಾ ಅಲುಗಾಡದೆ ನಿಂತಿತ್ತು. ಹೆಬ್ಬಾಗಿಲಿನೊಳಗಿಂದ ಒಬ್ಬ ಸೈಕಲ್ ತುಳಿಯುತ್ತ ಬಂದ. ನಿಧಾನ ಮಾಡಿದ. ಎಡಗಾಲು ನೆಲಕ್ಕೂರಿ ನಿಂತ. ಅಳುವ ಹುಡುಗನನ್ನು ನೋಡಿದ. ಆಮೇಲೆ ಕುತ್ತಿಗೆ ತಿರುಗಿಸಿ ನೇರ ನಮ್ಮನ್ನೇ, ಪಡಸಾಲೆಯಲ್ಲಿ ಕೂತಿದ್ದ ನಮ್ಮನ್ನೇ ನೋಡಿ, ಪೆಡಲ್ ಒತ್ತಿ ಹೊರಟುಹೋದ.

“ಯವ್ವಾ! ಎರ್ರಿಸ್ವಾಮಣ್ಣ!” ಎಂದು ಹುಲಿಗೆಮ್ಮ ಕಿರುಚಿದಳು.

ಎಲ್ಲರ ಮುಖವೂ ಟಿವಿಯಿಂದ ಗೋಡೆಯ ಕಡೆಗೆ ತಿರುಗಿತು. ಗೋಡೆಗೊರಗಿ ಕೂತಿದ್ದ ಮಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, “ಯಾರೋ ನನ್ನಂಗ ಅದಾನ ಬಿಡ್ರಿ,” ಎಂದರು.

“ನಿನ್ನಂಗ ಇರಬೌದು. ನಿನ್ನ ಸೈಕಲ್ಲಿನಂಗ ಮಡಗಾರ್ಡ್ ಮುರಿದ ಸೈಕಲ್ಲು ಈ ತಾಲೂಕಿನಾಗ ಇನ್ನೊಂದಿಲ್ಲ,” ಎಂದ ಹನುಮಂತಪ್ಪ.

ನಗೆಯೋ ನಗೆ. ಆ ಗದ್ದಲದಲ್ಲಿ ಅತ್ತಿಯೊಬ್ಬಳೇ ನಗದೆ ಕೂತಿದ್ದಳು. ಎಲ್ಲರೂ ಹೋದ ಮೇಲೆ ಮಾವನ ಮುಂದೆ ತಾಟು ಇಟ್ಟು, ರೊಟ್ಟಿ ಹಾಕಿ, ಬಹಳ ಮೆಲ್ಲಗೆ ಕೇಳಿದಳು:

“ಅವತ್ತು ನಿಮ್ಮ ಅಕ್ಕಗ ಜ್ವರ ಹೆಂಗಿತ್ರಿ?”

ಮಾವ ರೊಟ್ಟಿ ಮುರಿಯುತ್ತ, “ಇಳಿದಿತ್ತು,” ಎಂದರು. ತಲೆ ಎತ್ತಲಿಲ್ಲ.

ಮರುದಿನದಿಂದ ಮಾವ ಪ್ರಸಿದ್ಧರಾದರು. ಕ್ಯಾಮೆರಾ ಸುಮ್ಮಸುಮ್ಮನೆ ಯಾರನ್ನೂ ತೋರಿಸುವುದಿಲ್ಲ, ಆ ಸೈಕಲ್ಲಿನವನೇ ಕೊಲೆಗಾರ ಎಂದು ಓಣಿ ತೀರ್ಮಾನಿಸಿತು. ಹುಲಿಗೆಮ್ಮ ಕೂಡ ಡಾಕ್ಟರನ್ನು ತಾತ್ಕಾಲಿಕವಾಗಿ ಬಿಡುಗಡೆ ಮಾಡಿದಳು. ಹೊಸಪೇಟೆಯ ಖಾನಾವಳಿಗಳಲ್ಲಿ ಎಲೆಯ ಕಟ್ಟು ಇಳಿಸುವಾಗ, “ಏನ್ರೀ ಎರ್ರಿಸ್ವಾಮಿ, ಆ ಹುಡುಗೀನ ಎಲ್ಲಿ ಮುಚ್ಚಿಟ್ಟೀರಿ?” ಎಂದು ಕೇಳುವರು. ಮಾವ ಮೊದಮೊದಲು ನಾಚಿದರು. ಆಮೇಲೆ ಅವರಿಗೇ ಅದು ಹಿಡಿಸಿತು. “ಮುಂದಿನ ಮಂಗಳವಾರ ಹೇಳ್ತೀನ್ರಿ, ಜಲ್ದಿ ಯಾಕ?” ಎಂದು ಮೀಸೆ ತಿರುವುತ್ತಿದ್ದರು. ಪ್ರತಿ ವಾರ ಎಚ್ಚರವಾಗಿ ಕೂತು ತಾವು ಮತ್ತೆ ಬರಬಹುದೇ ಎಂದು ನೋಡಿದರು. ಬರಲಿಲ್ಲ.

ಅತ್ತಿ ಮಾತ್ರ ಕಂಪ್ಲಿಗೆ ಯಾವುದೋ ತೊಟ್ಟಿಲ ಕಾರ್ಯಕ್ಕೆ ಹೋದಾಗ ಮಾವನ ಅಕ್ಕನನ್ನು ಕೇಳಿಯೇ ಬಂದಳು. ಅವರಿಗೆ ಆ ಚಳಿಗಾಲ ಜ್ವರವೇ ಬಂದಿರಲಿಲ್ಲ. ತಮ್ಮ ಬಂದೂ ಇರಲಿಲ್ಲ. ಮನೆಗೆ ಬಂದ ಅತ್ತಿ ಇದನ್ನು ನನ್ನ ಹತ್ತಿರ ಹೇಳಿದಳೇ ಹೊರತು ಮಾವನಿಗೆ ಹೇಳಲಿಲ್ಲ. ಕೆಲವು ದಿನ ತಾಟನ್ನು ನೆಲಕ್ಕೆ ಕುಕ್ಕುವ ಸದ್ದು ಜೋರಾಗಿತ್ತು. ಮಾವ, “ಏನಾಗೈತಿ ಈಕಿಗೆ?” ಎಂದು ನನ್ನನ್ನು ಕೇಳಿದರೆ ನಾನು ಪುಸ್ತಕದೊಳಗೆ ತಲೆ ಇಟ್ಟೆ. ಒಂದೇ ಒಂದು ಸಲ ಅತ್ತಿ ನೇರ ಕೇಳಿದ್ದು ನನಗೆ ಗೊತ್ತು. “ಅವತ್ತು ಅಲ್ಲಿ ಯಾಕ ಹೋಗಿದ್ರಿ?” ಎಂದಳು. ಮಾವ, “ರಸ್ತಿ ಐತಿ, ಹೋಗೀನಿ,” ಎಂದು ಸೈಕಲ್ ಹತ್ತಿದರು.

ಅಷ್ಟರಲ್ಲಿ ಬಾವಿ ಸೀರಿಯಲ್ಲು ನಿಂತುಹೋಯಿತು. ಒಂದು ಮಂಗಳವಾರ ಟಿವಿ ಹಚ್ಚಿದರೆ ಆ ಹೊತ್ತಿನಲ್ಲಿ ಯಾರೋ ಗುಲಾಬಿ ಗಿಡಕ್ಕೆ ಗೊಬ್ಬರ ಹಾಕುವುದನ್ನು ಕಲಿಸುತ್ತಿದ್ದರು. ಯಾಕೆ ನಿಲ್ಲಿಸಿದರೆಂದು ಯಾರೂ ಹೇಳಲಿಲ್ಲ. ಹುಡುಗಿ ಸತ್ತಳೋ ಬದುಕಿದಳೋ, ಕೊಲೆಯಾಗಿದ್ದರೆ ಮಾಡಿದವರಾರೋ, ಒಂದೂ ತಿಳಿಯಲಿಲ್ಲ. ಮುಂದಿನ ಕೆಲವು ಮಂಗಳವಾರ ನಾವು ಗುಲಾಬಿ ಗಿಡವನ್ನೇ ನೋಡುತ್ತ, ಅನುಮಾನಗಳನ್ನು ಮುಂದುವರಿಸಿದೆವು. ಆಮೇಲೆ ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಎರಡು ಬೇಸಿಗೆ ಕಳೆದಿರಬೇಕು. ಒಂದು ಬೆಳಿಗ್ಗೆ ತೋಟಕ್ಕೆ ನೀರು ಕಟ್ಟಲು ಹೋದ ಮಾವ, ದಣಿವಾಯಿತೆಂದು ಬದುವಿನ ಮೇಲೆ ಕೂತವರು ಏಳಲಿಲ್ಲ. ಪಕ್ಕದ ಹೊಲದವರು ಬಂದು ಹೇಳಿದಾಗ ಅತ್ತಿ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲಿದ್ದ ರೊಟ್ಟಿಯನ್ನು ಇಳಿಸಿ, ಒಲೆ ಆರಿಸಿ, ಆಮೇಲೆ ಎದ್ದು ಓಡಿದಳು. ಆ ರೊಟ್ಟಿ ಇಳಿಸಿದ್ದನ್ನು ಎಷ್ಟೋ ವರ್ಷ ತಾನೇ ಹೇಳಿಕೊಂಡು ಅಳುತ್ತಿದ್ದಳು. “ಕೈ ತನ್ನಷ್ಟಕ್ಕ ತಾನು ಮಾಡಿಬಿಡ್ತು ನೋಡು,” ಎನ್ನುತ್ತಿದ್ದಳು.

ಮಾವನ ಫೋಟೋ ಎಂದು ಮನೆಯಲ್ಲಿ ಉಳಿದದ್ದು ಎರಡು. ಒಂದು ಮದುವೆಯದು. ಅದರಲ್ಲಿ ಅವರು ಯಾರಿಂದಲೋ ಬೈಸಿಕೊಂಡವರ ಹಾಗೆ ನಿಂತಿದ್ದಾರೆ. ಇನ್ನೊಂದು ಸರ್ಕಾರಿ ಕಾಗದಕ್ಕೆಂದು ತೆಗೆಸಿದ್ದು. ಅದರಲ್ಲಿ ಅವರೇ ಯಾರನ್ನೋ ಬೈಯುವವರ ಹಾಗಿದ್ದಾರೆ. ಎರಡಕ್ಕೂ ಹೂವು ಏರಿಸುತ್ತ ಅತ್ತಿ ಒಂದು ದಿನ ಹೇಳಿದಳು:

“ಇವೆರಡೂ ನಿಮ್ಮ ಮಾವ ಅಲ್ಲೋ. ಅವರು ಎಂದರ ಹಿಂಗ ನಿಂತಿದ್ರೇನು? ಅವರು ಅಂದ್ರ ಹೊಂಟಿರಬೇಕು, ಹೊಂಟಾಗ ತಿರುಗಿ ನೋಡಬೇಕು. ಅದು ಆ ಬಾವಿ ಸೀರಿಯಲ್ನಾಗ ಒಂದೇ ಐತಿ.”

ಅಲ್ಲಿಂದ ಶುರುವಾಯಿತು ಅತ್ತಿಯ ಕಾಯುವಿಕೆ. ಹಳೆಯ ಸೀರಿಯಲ್ಲುಗಳನ್ನು ಮಧ್ಯಾಹ್ನ ಮತ್ತೆ ಹಾಕುತ್ತಾರೆಂದು ಯಾರೋ ಹೇಳಿದರು. ಅವಳು ಮಧ್ಯಾಹ್ನದ ಮಲಗುವಿಕೆ ಬಿಟ್ಟಳು. ಬಣ್ಣದ ಟಿವಿ ಬಂತು, ಕೇಬಲ್ ಬಂತು. ಕೇಬಲ್ಲಿನವನು ಬಂದಾಗಲೆಲ್ಲ, “ಆ ಬಾವಿ ಸೀರಿಯಲ್ಲು ಎಂದು ಹಾಕ್ತೀರಪ್ಪಾ?” ಎಂದು ಕೇಳಿದಳು. ಅವನು, “ಯಾವ ಬಾವಿ ಅಮ್ಮಾ?” ಎಂದ. ಹೊಸಪೇಟೆಯ ಕ್ಯಾಸೆಟ್ ಅಂಗಡಿಗಳನ್ನು ನಾನು ಸುತ್ತಿದೆ. ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಬಿಡುವು ಮಾಡಿಕೊಂಡು, ಟಿವಿ ಕೇಂದ್ರದಲ್ಲಿ ಹಳೆಯ ಕಾರ್ಯಕ್ರಮಗಳನ್ನು ಕಾಪಿಡುವವರನ್ನೂ ಕೇಳಿದೆ. ಅಲ್ಲಿ ಕೂತಿದ್ದವರು ಸಜ್ಜನರು. “ಆ ಕಾಲದಲ್ಲಿ ಟೇಪಿಗೆ ಬಹಳ ಅಭಾವ ಸಾರ್. ಒಂದರ ಮೇಲೆ ಇನ್ನೊಂದನ್ನು ತುಂಬಿಸಿಬಿಡುತ್ತಿದ್ದರು,” ಎಂದರು. ಅಂದರೆ ನನ್ನ ಮಾವನ ಮೇಲೆ ಗುಲಾಬಿ ಗಿಡ ಬೆಳೆದಿತ್ತು.

ಇದನ್ನು ಅತ್ತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. “ಯಾರೋ ಒಬ್ರು ಇಟ್ಕಂಡಿರ್ತಾರ ಬಿಡು,” ಎಂದಳು. ಆಮೇಲೆ ತಾನಾಗಿಯೇ ಇನ್ನೊಂದು ಮಾತು ಹೇಳಿದಳು. “ಅವರು ಅವತ್ತು ಅಲ್ಲಿಗೆ ಯಾಕ ಹೋಗಿದ್ರು ಅಂತ ನಾನು ಏನೇನು ಯೋಚನಿ ಮಾಡೀನೋ ನಿನಗ ಗೊತ್ತಿಲ್ಲ. ಹಂಪಿ ಕಡಿ ಯಾರಾದ್ರೂ ಇದ್ಲೇನು ಅಂತಾನೂ ಯೋಚನಿ ಮಾಡೀನಿ. ಮತ್ತ ಕೇಳಬೇಕಂತ ಭಾಳ ಸಲ ಬಾಯಿ ತುದಿಗೆ ಬಂತು. ಆಮ್ಯಾಲೆ ಕೇಳಿದ್ರಾತು ಅಂತ ಬಿಟ್ಟೆ. ಆ ಆಮ್ಯಾಲೆ ಅನ್ನೋದು ಬರ್ಲೇ ಇಲ್ಲ.”

ನೋಡಿ, ಎಲ್ಲಿಂದ ಎಲ್ಲಿಗೆ ಬಂದೆ. ಬಸ್ಸಿನ ಮಾತು ಹೇಳುತ್ತಿದ್ದೆ. ಆ ಸಂಜೆ ರೇಷ್ಮಾಳನ್ನು ಕೇಳಿದೆ, “ನಿಂತುಹೋದ ಹಳೆಯ ಸೀರಿಯಲ್ಲಿಗೂ ಇಂಥ ಜನ ಇರುತ್ತಾರೇನಮ್ಮಾ?”

“ಎಲ್ಲದಕ್ಕೂ ಇರ್ತಾರ ಸರ್. ಹೆಸರು ಹೇಳ್ರಿ, ಹಾಕಿ ನೋಡ್ತೀನಿ.”

ಹೆಸರೇ ನೆನಪಿಲ್ಲ. ಬಾವಿ, ಚಪ್ಪಲಿ, ಶಾಸನ ಓದುವ ಹುಡುಗಿ ಎಂದೆಲ್ಲ ಒಂದರ ಹಿಂದೊಂದು ಹೇಳಿದೆ. ಅವಳು ಅದನ್ನು ಹಾಗೆಯೇ ಟೈಪು ಮಾಡಿ ಎಲ್ಲಿಗೋ ಕಳಿಸಿದಳು. ನಾನು ಮನೆಗೆ ಬಂದು ಮರೆತೆ, ಅಥವಾ ಮರೆತಂತೆ ನಟಿಸಿದೆ. ಕೆಲವು ದಿನಗಳ ಮೇಲೆ ರೇಷ್ಮಾ ಬಸ್ ಹತ್ತಿದವಳೇ ತನ್ನ ಸೀಟು ಬಿಟ್ಟು ನನ್ನ ಪಕ್ಕ ಬಂದು ಕೂತಳು. “ಸರ್, ಸಿಕ್ಕೈತಿ!”

ಯಾರೋ ಪುಣ್ಯಾತ್ಮರು ಆ ಕಾಲದಲ್ಲಿ ಮನೆಯಲ್ಲೇ ರೆಕಾರ್ಡು ಮಾಡಿಕೊಂಡಿದ್ದ ಕ್ಯಾಸೆಟ್ಟುಗಳನ್ನು, ನಡುನಡುವೆ ಬರುವ ಸಾಬೂನಿನ ಜಾಹೀರಾತಿನ ಸಮೇತ, ಯೂಟ್ಯೂಬಿಗೆ ಹಾಕಿದ್ದರು. ಪರದೆಯ ಮೇಲೆ ಮಳೆ ಬಂದ ಹಾಗೆ ಗೆರೆಗಳು, ಬಣ್ಣ ಒಂದರೊಳಗೊಂದು ಕಲಸಿದೆ. ಕಿಟಕಿಯಾಚೆ ಸಂಡೂರಿನ ಗುಡ್ಡಗಳು ಹಿಂದೆ ಸರಿಯುತ್ತಿದ್ದವು. ನಾನು ಆ ಪುಟ್ಟ ಪರದೆಯಲ್ಲಿ ಕಲ್ಲಿನ ಹೆಬ್ಬಾಗಿಲನ್ನು ಹುಡುಕಿದೆ. ಸೈಕಲ್ ಬಂತು. ಕಾಲೂರಿತು. ಕುತ್ತಿಗೆ ತಿರುಗಿತು. ರೇಷ್ಮಾ ಏನೋ ಕೇಳುತ್ತಿದ್ದಳು. ಧೂಳು ಎಂದು ಕಣ್ಣು ಒರೆಸಿಕೊಂಡೆ. ಆ ಬಸ್ಸಿನಲ್ಲಿ ಧೂಳಿನ ನೆಪ ಎಲ್ಲರಿಗೂ ಸಲ್ಲುತ್ತದೆ.

ಆ ಭಾನುವಾರ ಬೆಳಿಗ್ಗೆ ಮಲಪನಗುಡಿಗೆ ಹೋದೆ. ಅತ್ತಿ ಈಗ ಹುಲಿಗೆಮ್ಮನ ಜೊತೆ ಸೇರಿ ಜೋಳದ ರೊಟ್ಟಿ ಮಾಡಿ, ಮಾವ ಎಲೆ ಹಾಕುತ್ತಿದ್ದ ಅದೇ ಖಾನಾವಳಿಗಳಿಗೆ ಕಳಿಸುತ್ತಾಳೆ. ಇಬ್ಬರೂ ಹಿಟ್ಟಿನ ಕೈಯಲ್ಲೇ ಇದ್ದರು. ವಿಷಯ ಹೇಳಿದೆ. ಅತ್ತಿ ಎದ್ದು ಕೈ ತೊಳೆದು, ಮುಖ ತೊಳೆದು, ತಲೆ ಸರಿಮಾಡಿಕೊಂಡು ಬಂದು ಟಿವಿಯ ಮುಂದೆ ಕೂತಳು. ಯಾರೋ ನೆಂಟರು ಬರುತ್ತಾರೇನೋ ಎನ್ನುವ ಹಾಗೆ. ನಾನು ಫೋನನ್ನು ಟಿವಿಗೆ ಜೋಡಿಸಿ, ನೇರ ಆ ದೃಶ್ಯಕ್ಕೆ ಹೋಗಲು ನೋಡಿದೆ.

“ಬ್ಯಾಡ, ಮೊದ್ಲಿಂದ ಹಾಕು,” ಎಂದಳು. “ಅವರು ಬರೋತನಕ ಕಾಯ್ತೀನಿ.”

ಹಾಗೆ ಇಡೀ ಕಂತು ನೋಡಿದೆವು. ಡಾಕ್ಟರು ಊದದೆ ಚಹಾ ಕುಡಿದಾಗ ಹುಲಿಗೆಮ್ಮ, “ನೋಡು, ಈಗರ ನಂಬ್ತೀಯೇನು?” ಎಂದು ನನ್ನನ್ನು ತಿವಿದಳು. ಕೊನೆಗೆ ಹುಡುಗ ಕಲ್ಲಿನ ಮೇಲೆ ಕೂತು ಅತ್ತ. ಹೆಬ್ಬಾಗಿಲಿನಿಂದ ಮಾವ ಬಂದರು. ನಿಂತರು. ನಮ್ಮನ್ನು ನೋಡಿದ ಮೇಲೆ ಹೊರಟರು.

ಅತ್ತಿ ಅಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಅಳಲಿಲ್ಲ. “ಇನ್ನೊಂದು ಸಲ,” ಎಂದಳು. ಮತ್ತೆ ಹಾಕಿದೆ. “ನಿಲ್ಲಿಸು, ಅಲ್ಲೇ ನಿಲ್ಲಿಸು.” ಎದ್ದು ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಇದು ಆ ನೀಲಿ ಅಂಗಿ.”

“ಯಾವ ನೀಲಿ ಅತ್ತಿ?”

“ಆ ದೀಪಾವಳಿಗೆ ನಾನ ಆರಿಸಿ ತಂದಿದ್ನೆಲ್ಲೋ. ಹುಡುಗರ ಬಣ್ಣ, ಜನ ನಗ್ತಾರ ಅಂತ ಮಡಿಚಿ ಪೆಟ್ಟಿಗ್ಯಾಗ ಇಟ್ಟಿದ್ರು. ಹಾಕ್ಕಂಡಿದ್ದು ನಾನು ಒಂದಿನಾನೂ ನೋಡಿಲ್ಲ. ಅವತ್ತು ತೋಟಕ್ಕ ಹೋಗಿ ಅಲ್ಲೇ ಹಾಕ್ಕಂಡಿರ್ತಾರ. ಆಗಿನ ನಮ್ಮ ಟಿವಿಯಾಗ ಬಣ್ಣ ಎಲ್ಲಿತ್ತು?” ಅವಳ ಬೆರಳು ಪರದೆಯ ಮೇಲೆ ಮೆಲ್ಲಗೆ ಹರಿದಾಡಿತು. “ಹಿಂದ ಎಲಿ ಕಟ್ಟೂ ಇಲ್ಲ ನೋಡು. ತಲಿ ಬಾಚ್ಯಾರ, ನೀರು ಹಚ್ಚಿ ಬಾಚ್ಯಾರ. ಕೆಲಸಕ್ಕ ಹೊಂಟೋರಲ್ಲ ಇವರು. ಬೇಕಂತನ ಹೋಗ್ಯಾರ, ಟಿವಿಯಾಗ ಬರಾಕ. ನಾನು ಮುಖ ಕಾಣ್ಲಿಲ್ಲ ಅಂತ ಬ್ಯಾಸರ ಮಾಡ್ಕಂಡಿದ್ನೆಲ್ಲ, ಅದಕ್ಕ. ನನಗ ಕಾಣ್ಲಿ ಅಂತ.”

ನನ್ನ ವಿಜ್ಞಾನದ ಬುದ್ಧಿ ಅಂಥ ಹೊತ್ತಿನಲ್ಲೂ ಸುಮ್ಮನಿರದು. ಒಂದು ನೀಲಿ ಅಂಗಿಯಿಂದ ಇಷ್ಟೆಲ್ಲ ಸಿದ್ಧವಾಗುತ್ತದೆಯೇ? ಮಾವನಿಗೇ ನಟರನ್ನು ನೋಡುವ ಚಪಲ ಇದ್ದು, ಹೆಂಡತಿಯ ಆಸೆಗೆ ನಕ್ಕ ಬಾಯಿಂದ ಅದನ್ನು ಒಪ್ಪಿಕೊಳ್ಳಲಾಗದೆ ಕದ್ದು ಹೋಗಿರಬಹುದಲ್ಲವೇ? ಹಾಗೆಂದು ಒಳಗೇ ವಾದ ಮಾಡಿದೆ. ಆದರೆ ಪರದೆಯಲ್ಲಿ ನಿಂತ ಮಾವ ನೇರ ಅತ್ತಿಯನ್ನೇ ನೋಡುತ್ತಿದ್ದರು. ಅಳುವ ನಾಯಕನನ್ನಲ್ಲ, ಕೊಡೆ ಹಿಡಿದವರನ್ನಲ್ಲ. ಅವರು ಕ್ಯಾಮೆರಾದ ಕಣ್ಣನ್ನು ಹುಡುಕಿ ನೋಡಿದ್ದರು. ಅದರಾಚೆ ಯಾರಿರುತ್ತಾರೆಂದು ಅವರಿಗೆ ಗೊತ್ತಿತ್ತು. ನಾನು ಸೋತೆ.

“ಇಷ್ಟು ಹೇಳಿದ್ರ ಆಗ್ತಿದ್ದಿಲ್ಲೇನ್ರಿ?” ಎಂದು ಅತ್ತಿ ಟಿವಿಯನ್ನೇ ಕೇಳಿದಳು. ಹುಲಿಗೆಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಅವಳ ಪಕ್ಕ ನಿಂತಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಈ ಸಲ ಯಾರೂ ಹೋಗಿ ಇಳಿಸಲಿಲ್ಲ.

ಸಮಾಧಾನವಾದ ಮೇಲೆ, ಆ ವಿಡಿಯೋದ ಕೆಳಗೆ ಜನ ಬರೆದದ್ದನ್ನೆಲ್ಲ ಇಬ್ಬರಿಗೂ ಓದಿ ಹೇಳಿದೆ. ಎಂಥೆಂಥ ಮಾತುಗಳು! ಯಾರೋ ಮಾವನ ತಲೆಯ ಸುತ್ತ ಕೆಂಪು ವೃತ್ತ ಬರೆದ ಚಿತ್ರ ಮಾಡಿದ್ದರು. ‘ಇವನು ಕಾಲೂರಿ ನಿಲ್ಲುವ ರೀತಿ ಗಮನಿಸಿ. ನಿರ್ದೇಶಕರು ಉತ್ತರವನ್ನು ನಮ್ಮ ಕಣ್ಣೆದುರೇ ಇಟ್ಟು ಹೋಗಿದ್ದಾರೆ,’ ಎಂದು ಒಬ್ಬರು. ‘ಇವನು ಮಫ್ತಿಯಲ್ಲಿರುವ ಪೊಲೀಸ್,’ ಎಂದು ಇನ್ನೊಬ್ಬರು. ‘ಹುಡುಗಿಯ ನಿಜವಾದ ತಂದೆ, ಹುಬ್ಬು ನೋಡಿ,’ ಎಂದು ಮತ್ತೊಬ್ಬರು. ‘ಪಾಪ, ಯಾರೋ ದಾರಿಹೋಕ ಇರಬೇಕು,’ ಎಂದು ಬರೆದವರನ್ನು ಉಳಿದವರೆಲ್ಲ ಸೇರಿ ಗದರಿಸಿದ್ದರು. ಅತ್ತಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. “ಇನ್ನಾ ಕೊಲೆಗಾರ ಅಂತಾನ ಅಂತಾರೇನು? ಇಷ್ಟು ಜನ?”

“ನಿಜ ಏನು ಅಂತ ಬರೆದುಬಿಡಲೇನು ಅತ್ತಿ? ಇವರು ನಮ್ಮ ಮಾವ, ಬಾಳೆ ಎಲಿ ಮಾರ್ತಿದ್ರು, ಕೊಲೆಗೂ ಇವರಿಗೂ ಸಂಬಂಧ ಇಲ್ಲ ಅಂತ?” ಎಂದು ಕೇಳಿದೆ. ನನಗೆ ಆ ಕೆಂಪು ವೃತ್ತ ಅಷ್ಟಾಗಿ ಸೇರಿರಲಿಲ್ಲ.

ಅತ್ತಿ ಯೋಚಿಸಿದಳು. ಪರದೆಯಲ್ಲಿ ಮಾವ ಇನ್ನೂ ಕಾಲೂರಿ ನಿಂತೇ ಇದ್ದರು.

“ಬ್ಯಾಡ, ಬರಿಬ್ಯಾಡ,” ಎಂದಳು. “ದಾರ್ಯಾಗ ಹೋಗೋರು ಅಂತ ಗೊತ್ತಾದ್ರ ಆಮ್ಯಾಲೆ ಯಾರು ನೋಡ್ತಾರ? ಅನುಮಾನ ಇರ್ಲಿ. ಅನುಮಾನ ಇರೋತನಕ ತಿರುಗಿಸಿ ತಿರುಗಿಸಿ ನೋಡ್ತಿರ್ತಾರ.”

ಹೊಸಪೇಟೆಗೆ ಹೊರಡುವ ಆಟೋಕ್ಕೆ ಕಾಯುತ್ತ ಊರ ಮುಂದಿನ ಕಟ್ಟೆಯ ಮೇಲೆ ಕೂತೆ. ಇಷ್ಟು ವರ್ಷ ಮಕ್ಕಳಿಗೆ, ಪುರಾವೆಯಿಲ್ಲದೆ ಒಂದಕ್ಷರ ಬರೆಯಬೇಡಿ ಎಂದು ಹೇಳಿಕೊಂಡು ಬಂದ ಮೇಷ್ಟ್ರು ನಾನು. ಫೋನು ತೆಗೆದು, ಆ ವಾದಗಳ ಕೆಳಗೆ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ಬರೆದೆ: ‘ಆ ಸೈಕಲ್ಲಿನ ಮನುಷ್ಯನ ಮೇಲೆ ನನಗೂ ಬಲವಾದ ಅನುಮಾನವಿದೆ. ಎಲ್ಲರೂ ಇನ್ನೊಂದು ಸಲ ಗಮನವಿಟ್ಟು ನೋಡಿ.’

ಆಟೋ ಹೊಸಪೇಟೆ ಮುಟ್ಟುವಷ್ಟರಲ್ಲಿ, ಯಾವ ಊರಿನವರೋ ಏನೋ, ಒಬ್ಬರು ಉತ್ತರಿಸಿದ್ದರು: ‘ಹೌದು ಸಾರ್. ಈಗ ತಾನೇ ಮತ್ತೆ ನೋಡಿ ಬಂದೆ.’